ಮುಂಚೆಯೇ ಮಾಡಿಟ್ಟ ಬನ್ನು

“ಆರಾಮಾಗಿದೀನಿ” ಅನ್ನುವ ಮಾತನ್ನು ಇನ್ನೊಂದು ಸಲ ಈ ಮನುಷ್ಯನ ಬಾಯಿಂದ ಕೇಳಿದರೆ ಆಪರೇಷನ್ನನ್ನು ಡಾಕ್ಟರು ಮಾಡಬೇಕಾಗಿಲ್ಲ, ನಾನೇ ಮಾಡಿಬಿಡುತ್ತೇನೆ ಎಂದು ಹಲ್ಲು ಕಡಿದುಕೊಂಡು ಕೂತಿದ್ದೆ.

ನಮ್ಮ ಹಳ್ಳಿಗೆ ಹತ್ತಿರದ ಪಟ್ಟಣ ಫಾರ್ಗೋದ ದೊಡ್ಡಾಸ್ಪತ್ರೆ. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಮಲಗಿಸುವ ಹಾಲಿನಲ್ಲಿ ಸಾಲಾಗಿ ಮಂಚಗಳು, ಮಂಚಕ್ಕೊಂದು ಪರದೆ. ನನ್ನ ಗಂಡ ವರ್ಲಿನ್ ಬೆನ್ನಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ನಿಲುವಂಗಿ ತೊಟ್ಟು, ತಲೆಗೆ ಕಾಗದದ ಟೋಪಿ ಹಾಕಿಕೊಂಡು ನೆಟ್ಟಗೆ ಮಲಗಿದ್ದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಎರಡೂ ಕೈಯಲ್ಲಿ ಹೊದಿಕೆಯ ಅಂಚನ್ನು ಹಿಡಿದ ಹಿಡಿತಕ್ಕೆ ಗೆಣ್ಣುಗಳೆಲ್ಲ ಬಿಳಿಚಿಕೊಂಡಿದ್ದವು. ಕೇಳಿದರೆ, ಆರಾಮಾಗಿದ್ದಾನಂತೆ!

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿಕೊಂಡಿದೆ. ಟ್ರ್ಯಾಕ್ಟರಿನ ಹಳೇ ಪೈಪು ಒಂದು ಕಡೆ ಉಬ್ಬಿ ನಿಲ್ಲುತ್ತದಲ್ಲ, ಹಾಗೆ. ಒಡೆದರೆ ಆಸ್ಪತ್ರೆ ಮುಟ್ಟುವಷ್ಟು ಪುರುಸೊತ್ತೂ ಸಿಗುವುದಿಲ್ಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಪೈಪಿನ ವಿಷಯ ಇವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರ್ಯಾಕ್ಟರಿನದಾಗಿದ್ದರೆ ಅವತ್ತೇ ಬಿಚ್ಚಿ ಎಸೆದು ಹೊಸದು ಹಾಕುತ್ತಿದ್ದ. ತನ್ನ ಹೊಟ್ಟೆಯದಾದ್ದರಿಂದ, “ಸಕ್ಕರೆ ಬೀಟ್ ಬಿತ್ತನೆ ಮುಗೀಲಿ, ಆಮೇಲೆ ನೋಡೋಣ” ಎಂದ. ನಾನು ಕೂಗಾಡಿ, ಊಟ ಬಿಟ್ಟು, ಪಾದ್ರಿಯ ಕೈಲಿ ಹೇಳಿಸಿ, ಅಂತೂ ಇಂತೂ ಹೋದ ತಿಂಗಳು ಇದೇ ಆಸ್ಪತ್ರೆಗೆ ಎಳೆದುಕೊಂಡು ಬಂದಿದ್ದೆ. ಬಂದವನ ಬಿಪಿ ಮುಗಿಲಿಗೇರಿ ಕೂತಿತು. ಅಷ್ಟು ಬಿಪಿಯಲ್ಲಿ ಅರಿವಳಿಕೆ ಕೊಡುವುದಕ್ಕೆ ಆಗುವುದಿಲ್ಲ ಎಂದು ವಾಪಸು ಕಳಿಸಿದರು. ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ, ಇವನು ಸೀಟಿ ಹೊಡೆದುಕೊಂಡು ಟ್ರಕ್ಕು ಓಡಿಸಿದ. ಮನೆ ಮುಟ್ಟಿದ ಮೇಲೆ ನೋಡಿದರೆ ಎಳೇ ಹುಡುಗನ ಬಿಪಿಯಂತಿತ್ತು.

ಈ ಸಲ ಹೊರಡುವಾಗಲೇ ಹೇಳಿಬಿಟ್ಟಿದ್ದ: “ಇವತ್ತೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡೋಣ ಆರ್ಡಿಸ್. ದೇವ್ರಿಗೇ ಇಷ್ಟ ಇಲ್ಲ ಅಂದ್ಕೊಂಡು ಸುಮ್ನಾಗೋಣ. ಮೂರನೇ ಸಲ ನಾನು ಬರೋನಲ್ಲ.”

ವರ್ಲಿನ್ ಬರೋನಲ್ಲ ಎಂದರೆ ಬರುವವನಲ್ಲ. ಹಾಗಾಗಿ ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಆ ಉಬ್ಬಿದ ನಾಳವನ್ನು ಹೊಟ್ಟೆಯಲ್ಲಿಟ್ಟುಕೊಂಡ ಗಂಡನ ಪಕ್ಕ ಮಲಗಿ, ಅವನು ಕೆಮ್ಮಿದಾಗಲೆಲ್ಲ ಎದ್ದು ಕೂರುವುದೇ ನನ್ನ ಬಾಳು.

ನರ್ಸ್ ರೆನಾಟಾ ಬಂದಳು. ದೂರದ ದಕ್ಷಿಣದ ಟೆಕ್ಸಾಸ್ ಕಡೆಯವಳು, ಬಾಯಿ ತುಂಬ ಮಾತು, ಎಲ್ಲರನ್ನೂ ಬಂಗಾರ ಎಂದು ಕರೆಯುವ ಅಭ್ಯಾಸ. ವರ್ಲಿನ್‌ನನ್ನು ಅವನ ಹೆತ್ತ ತಾಯಿ ಕೂಡ ಬಂಗಾರ ಅಂದಿರಲಿಲ್ಲ. ಅವಳು ಹಾಗೆ ಕರೆದಾಗಲೆಲ್ಲ ಅವನು ಚಾವಣಿ ನೋಡುತ್ತಿದ್ದ.

“ವರ್ಲಿನ್ ಬಂಗಾರ, ತೋಳು ಕೊಡಿ. ಆಪರೇಷನ್ ಅಂದ್ರೆ ಯಾರಿಗಾದ್ರೂ ಭಯ ಆಗುತ್ತೆ. ನಿಮಗೆ ಎಷ್ಟಿದೆ? ಏನೂ ಇಲ್ಲ ಅಂದ್ರೆ ಸೊನ್ನೆ, ತಡ್ಕೊಳಕ್ಕೇ ಆಗ್ತಿಲ್ಲ ಅಂದ್ರೆ ಹತ್ತು.”

ವರ್ಲಿನ್ ತೋಳು ಚಾಚಿದ. “ಸಾಮಾನ್ಯವಾಗಿ ಬೇರೆಯವರು ಎಷ್ಟು ಹೇಳ್ತಾರೆ?”

“ಅವರವರಿಗೆ ಇದ್ದಷ್ಟು ಹೇಳ್ತಾರೆ.”

“ಹಾಗಾದ್ರೆ ಒಂದೂವರೆ ಹಾಕ್ಕೊಳಿ.”

ತೋಳಿನ ಪಟ್ಟಿ ಗಾಳಿ ತುಂಬಿ ಬಿಗಿದು ಉಸ್ ಎಂದಿತು. ಯಂತ್ರ ನೂರಾ ತೊಂಬತ್ತೆಂಟು ತೋರಿಸಿತು. ರೆನಾಟಾ ನನ್ನ ಕಡೆ ನೋಡಿದಳು.

“ಒಂದೂವರೆಯಂತೆ! ಒಂಬತ್ತು ಅಂತ ಬರ್ಕೊಳಮ್ಮಾ ನೀನು,” ಎಂದೆ.

“ಅವರ ಭಯ ಅವರೇ ಹೇಳ್ಬೇಕು.”

“ಅವನು ಹೇಳೋ ಹೊತ್ತಿಗೆ ನಾವಿಬ್ರೂ ಮಣ್ಣಲ್ಲಿರ್ತೀವಿ.”

“ಆರ್ಡಿಸ್,” ಎಂದ ವರ್ಲಿನ್. ನಮ್ಮ ಮನೆಯಲ್ಲಿ ಬೈಗುಳ ಅಂದರೆ ಇಷ್ಟೇ, ನನ್ನ ಹೆಸರು.

ರೆನಾಟಾ ಒಳ್ಳೆಯವಳು. ಮಂಚದ ಅಂಚಿಗೆ ಒರಗಿ, “ಕೈಗೆ ಹಾಕಿರೋ ನಳಿಕೆಯಲ್ಲೇ ಒಂಚೂರು ಔಷಧಿ ಬಿಡ್ತೀನಿ. ಮನಸ್ಸು ಹಗುರ ಆಗುತ್ತೆ. ಬೇಕಾ?” ಎಂದಳು.

“ಪರವಾಗಿಲ್ಲ. ನಿಜವಾಗ್ಲೂ ಬೇಕಾದವರಿಗೆ ಕೊಡಿ ಪಾಪ.”

ಅವಳು ಸರಿ ಎಂದು ಎದ್ದೇಬಿಟ್ಟಳು! ನಾನು ಪರದೆಯ ಹೊರಗೆ ಓಡಿಹೋಗಿ ತಡೆದೆ. ನಮ್ಮ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲ ಬೇಡ ಅನ್ನುವುದು ಸಂಕೋಚ, ಮೂರನೇ ಸಲ ಕೇಳಿದರೆ ಮಾತ್ರ ಕೈ ಚಾಚುವುದು. ಕಾಫಿಗೂ ಇದೇ, ಕೇಕಿಗೂ ಇದೇ, ಕೆಸರಲ್ಲಿ ಹೂತ ಲಾರಿಯನ್ನು ಎಳೆದುಕೊಡಲಾ ಎಂದು ಕೇಳಿದರೂ ಇದೇ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. “ಇನ್ನೆರಡು ಸಲ ಕೇಳಮ್ಮ, ನಿನ್ನ ಗಂಟೇನೂ ಹೋಗಲ್ಲ.”

“ಇದೆಂಥಾ ಪದ್ಧತಿ ನಿಮ್ದು?” ಎಂದು ನಕ್ಕಳು, ಆದರೂ ಹೋಗಿ ಕೇಳಿದಳು. ಬೇಡ ಎಂದ. ಇನ್ನೊಂದು ಸಲ ಕೇಳಿದಳು.

“ಬೇಡಮ್ಮ,” ಎಂದ.

ಮೂರನೇ ಸಲವೂ ಬೇಡ ಎಂದ ವರ್ಲಿನ್‌ನನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಇದು ಮರ್ಯಾದೆಯೂ ಅಲ್ಲ, ಸಂಕೋಚವೂ ಅಲ್ಲ. ಈ ಮನುಷ್ಯ ಒಳಗೊಳಗೇ ಏನನ್ನೋ ತೀರ್ಮಾನ ಮಾಡಿಬಿಟ್ಟಿದ್ದ.

ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ವಾಂಗ್ ಬಂದರು. ಗಿಡ್ಡ ಹೆಂಗಸು, ನಮ್ಮ ಮಗಳ ವಯಸ್ಸು, ಸುತ್ತಿ ಬಳಸಿ ಮಾತಾಡುವವರಲ್ಲ. ಯಂತ್ರ ನೋಡಿದರು, ಹಳೆಯ ಲೆಕ್ಕ ನೋಡಿದರು. “ನೋಡಿ ಸಾರ್, ಬಿಪಿ ಇಳಿಸೋ ಔಷಧಿ ಆಗ್ಲೇ ಕೊಟ್ಟಾಗಿದೆ. ಜಾಸ್ತಿ ಕೊಟ್ಟು ದಬಕ್ಕಂತ ಇಳಿಸಿದ್ರೂ ಅಪಾಯ. ಮನೇಲಿ ಸರಿಯಾಗಿರುತ್ತೆ, ಇಲ್ಲಿ ಬಂದ್ರೆ ಏರುತ್ತೆ ಅಂದ್ರೆ ಇದು ಭಯದ್ದು. ಮನಸ್ಸಲ್ಲಿ ಏನಿದ್ರೂ ಹೇಳಿ. ಅರ್ಧ ಗಂಟೆ ಕಾಯ್ತೀನಿ. ಇಳೀಲಿಲ್ಲ ಅಂದ್ರೆ ಇವತ್ತು ನಾನು ಮಲಗಿಸಲ್ಲ.”

“ನಿಮಗೆ ಅನುಕೂಲ ಹೇಗೋ ಹಾಗೆ ಮಾಡಿ ಡಾಕ್ಟ್ರೇ,” ಎಂದ ಈ ಮಹಾನುಭಾವ. “ನನ್ನಿಂದ ನಿಮಗೆ ತೊಂದರೆ ಬೇಡ.”

ಅವರು ಹೋದರು. ನನಗೆ ಪಿತ್ತ ನೆತ್ತಿಗೇರಿತು. ಸಿಟ್ಟು ಮಾಡಿದರೆ ಇವನ ಬಿಪಿ ಇನ್ನೂ ಏರುತ್ತದೆ, ಮಾಡದಿದ್ದರೆ ನನ್ನದು ಏರುತ್ತದೆ. ನಾಲಿಗೆ ಕಚ್ಚಿಕೊಂಡು ಕುರ್ಚಿಯಲ್ಲಿ ಕೂತೆ.

ಪರದೆಯಾಚೆ ಇನ್ನೊಬ್ಬ ರೈತ ಮಲಗಿದ್ದ, ಭುಜದ ಆಪರೇಷನ್ನಿಗೆ ಬಂದವನು. ವರ್ಲಿನ್ ಮುಖ ನೋಡದ ಅವನ ಜೊತೆ ಮಾತಿಗಿಳಿದ.

“ಈ ವರ್ಷ ನದಿ ಏರುತ್ತೆ ಅಂತೀರಾ?”

“ಏರ್ಬೋದು,” ಎಂದಿತು ಪರದೆ.

“ಹಿಮ ಜಾಸ್ತಿನೇ ಬಿದ್ದಿದೆ.”

“ಬಿದ್ದಿದೆ.”

“ಏರ್ದೇನೂ ಇರ್ಬೋದು.”

“ಅದೂ ಹೌದು.”

ಅಯ್ಯೋ ನನ್ನ ಗ್ರಹಚಾರವೇ! ಗಡಿಯಾರದ ಮುಳ್ಳು ಓಡುತ್ತಿದೆ, ಇಲ್ಲಿ ಇಬ್ಬರು ಗಂಡಸರು ಬೆನ್ನು ಬಿಟ್ಟುಕೊಂಡ ಅಂಗಿಯಲ್ಲಿ ಮಲಗಿ ನದಿಯ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಕೋಣ ಬಾಲವನ್ನಾದರೂ ಅಲ್ಲಾಡಿಸೀತು.

ಆಮೇಲೆ ನನ್ನ ಕಡೆ ತಿರುಗಿದ. “ಆರ್ಡಿಸ್, ನೀರೆತ್ತೋ ಪಂಪಿದೆಯಲ್ಲ ನಮ್ಮ ನೆಲಮಾಳಿಗೇಲಿ. ನದಿ ಏರಿದಾಗ ಅದು ಶುರು ಆಗ್ಲಿಲ್ಲ ಅಂದ್ರೆ ಮೇಲಿಂದ ಒಂದು ಸಲ ಕುಟ್ಟು. ಬಲಗಡೆಗೆ. ಎಡಗಡೆ ಕುಟ್ಟಿದ್ರೆ ಏನೂ ಆಗಲ್ಲ.”

“ನಾನ್ಯಾಕೆ ಕುಟ್ಲಿ? ನದಿ ಏರೋದು ಮುಂದಿನ ತಿಂಗಳು. ಅಷ್ಟರಲ್ಲಿ ನೀನೇ ಮನೇಲಿರ್ತೀಯ.”

“ಹೌದೌದು. ಸುಮ್ನೆ ಹೇಳ್ದೆ.”

ಸುಮ್ಮನೆಯಂತೆ. ಆಗ ಒಂದೊಂದಾಗಿ ನೆನಪಿಗೆ ಬಂತು. ಒಂದೂವರೆ ತಿಂಗಳಿಂದ ಇವನು ಹೀಗೇ ಸುಮ್ಮನೆ ಹೇಳುತ್ತಿದ್ದಾನೆ. ಗ್ಯಾಸ್ ತುಂಬುವವನಿಗೆ ಯಾವಾಗ ಫೋನ್ ಮಾಡಬೇಕು, ಕಾಳಿನ ಕಣಜದ ಬೀಗದ ಕೈ ಯಾವ ಮೊಳೆಯಲ್ಲಿದೆ, ಬೀಟ್ ಕಾರ್ಖಾನೆಯಲ್ಲಿ ಯಾರನ್ನು ಕೇಳಬೇಕು. ಹೋದ ವಾರ ನನ್ನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ ಗೇರು ಹಾಕಿಸಿದ್ದ. ಈ ವಯಸ್ಸಿನಲ್ಲಾದರೂ ಗಂಡ ಏನೋ ಹೇಳಿಕೊಡುತ್ತಿದ್ದಾನಲ್ಲ ಎಂದು ನಾನು ಪೆದ್ದಿ ಖುಷಿಪಟ್ಟಿದ್ದೆ.

ಎದ್ದು ನಿಂತು ಅವನ ಮುಖದ ಹತ್ತಿರ ಬಗ್ಗಿದೆ. “ವರ್ಲಿನ್, ನೀನು ಸಾಯೋಕೆ ತಯಾರಿ ಮಾಡ್ಕೊಂಡಿದೀಯಾ?”

ಅವನು ಪರದೆಯ ಕಡೆ ಕಣ್ಣು ಹೊರಳಿಸಿದ. ಪರದೆಯಾಚೆ ಉಸಿರಿನ ಸದ್ದೂ ನಿಂತಿತ್ತು.

“ಹಾಗೇನಿಲ್ಲ.”

“ಮತ್ತೆ ಹೇಗೆ? ಡಾಕ್ಟ್ರು ನೂರಕ್ಕೆ ತೊಂಬತ್ತಾರು ಜನ ಚೆನ್ನಾಗೇ ಎದ್ದು ಬರ್ತಾರೆ ಅಂದ್ರು. ನೀನೂ ಕೇಳಿದೀಯ. ನಿನಗ್ಯಾರು ಹೇಳಿದ್ದು ಸಾಯ್ತೀಯ ಅಂತ?”

“ಯಾರೂ ಹೇಳಿಲ್ಲ.”

“ಮತ್ತೆ?”

ಹೊದಿಕೆಯ ಅಂಚನ್ನು ಮಡಿಸಿದ, ಬಿಡಿಸಿದ. ಕೊನೆಗೆ ಹಲ್ಲು ಕೀಳಿಸಿಕೊಂಡವನಂತೆ ಒಂದೊಂದೇ ಮಾತು ಹೊರಗೆ ಬಂತು. “ಬನ್ನು ಮಾಡಿಟ್ಟಿದಾರೆ ಆರ್ಡಿಸ್.”

“ಏನು?”

“ಹ್ಯಾಮ್ ಬನ್ನು. ಚರ್ಚಿನ ಫ್ರೀಜರಲ್ಲಿ. ತುಂಬಾ ಇದೆ.”

ಉಪ್ಪಿನಲ್ಲಿ ಹದ ಮಾಡಿದ ಹಂದಿಮಾಂಸವನ್ನು ತೆಳ್ಳಗೆ ಹೆಚ್ಚಿ, ಬೆಣ್ಣೆ ಸವರಿದ ಪುಟ್ಟ ಬನ್ನಿನೊಳಗೆ ಇಡುವುದು. ಮದುವೆಗೆ ನಮ್ಮಲ್ಲಿ ಅದನ್ನು ಮಾಡುವುದಿಲ್ಲ, ನಾಮಕರಣಕ್ಕೆ ಮಾಡುವುದಿಲ್ಲ. ಹೂಳಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕೂತು ಕಾಫಿಯ ಜೊತೆ ತಿನ್ನುವುದು ಹ್ಯಾಮ್ ಬನ್ನು. ಚರ್ಚಿನ ಅಡುಗೆಮನೆಯಿಂದ ಆ ವಾಸನೆ ಬಂದರೆ ರಸ್ತೆಯಲ್ಲಿ ಹೋಗುವವರೂ ಕಾರು ನಿಲ್ಲಿಸಿ, ಯಾರು ಹೋದರು ಎಂದು ಕೇಳುತ್ತಾರೆ.

ಚರ್ಚಿನ ಫ್ರೀಜರು ಗೊರಗೊರ ಅನ್ನುತ್ತಿದೆ ಎಂದು ಇವನು ನೋಡಲು ಹೋಗಿದ್ದನಂತೆ. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದರೂ ಹೋಗಿದ್ದ, ಆ ಮಾತು ಬೇರೆ. ಬಾಗಿಲು ತೆಗೆದರೆ ತಟ್ಟೆ ಮೇಲೆ ತಟ್ಟೆ ಬನ್ನು. ಹೆಂಗಸರ ಸಂಘದ ಯಜಮಾನಿ ಲವಾನ್ ಅಲ್ಲೇ ನಿಂತು ಪಾತ್ರೆ ಒರೆಸುತ್ತಿದ್ದಳು. ಮುದುಕಿ ಹುಲ್ಡಾ ಕುರ್ಚಿಯಲ್ಲಿ ಕೂತು ಕಾಗದದ ಕರವಸ್ತ್ರ ಮಡಿಸುತ್ತಿದ್ದಳು.

“‘ಯಾರು ಹೋದ್ರು ಲವಾನ್?’ ಅಂದೆ,” ಎಂದ ವರ್ಲಿನ್. “ಅವಳ ಕೈಲಿದ್ದ ಮುಚ್ಚಳ ಕೆಳಗೆ ಬಿತ್ತು. ‘ಯಾರೂ ಇಲ್ಲ... ಇನ್ನೂ’ ಅಂದ್ಲು.”

“ಇನ್ನೂ?”

“ಇನ್ನೂ. ಅಂದ್ಬಿಟ್ಟು ನನ್ನ ಹೊಟ್ಟೆ ನೋಡಿದ್ಲು. ಊರಲ್ಲಿ ಆಪರೇಷನ್ ನಿಗದಿಯಾಗಿರೋದು ನಂದೊಂದೇ.”

“ಇದನ್ನ ಒಂದೂವರೆ ತಿಂಗಳಿಂದ ಹೊಟ್ಟೇಲಿಟ್ಕೊಂಡಿದೀಯಾ?”

“ಹೇಳೋಂಥದ್ದೇನಿತ್ತು?” ಎಂದ. “ಲವಾನ್ ಎಷ್ಟೊಂದು ಹೆಣ ನೋಡಿದಾಳೆ. ಅವಳಿಗೆ ಒಂದು ಅಂದಾಜಿರುತ್ತೆ. ಅಲ್ದೆ ಪಾಪ, ಅಷ್ಟೊಂದು ಕಷ್ಟಪಟ್ಟು ಮಾಡಿಟ್ಟಿದಾರೆ...”

ಮುಂದಿನ ಮಾತು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನನಗೆ ಅರ್ಥವಾಯಿತು. ಈ ಮನುಷ್ಯನಿಗೆ ಸಾಯುವ ಭಯ ಒಂದು ಕಡೆಯಾದರೆ, ಬದುಕಿಬಂದರೆ ಅವರಿಗೆಲ್ಲ ಮುಜುಗರವಾದೀತಲ್ಲ ಎಂಬ ಸಂಕಟ ಇನ್ನೊಂದು ಕಡೆ! ಹಣೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನನ್ನದಲ್ಲ, ಅವನದು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿದ್ದೇನೆ. ಹೆಣ ಬೀಳುವ ಮುಂಚೆ ಬನ್ನು ಬೇಯಿಸಿದವರನ್ನು ನೋಡಿರಲಿಲ್ಲ. ಫೋನು ತೆಗೆದುಕೊಂಡು ಹೊರಗೆ ಕಾರಿಡಾರಿಗೆ ನಡೆದೆ.

“ಲವಾನ್, ಫ್ರೀಜರಲ್ಲಿರೋ ಬನ್ನು ಯಾರದ್ದೇ?”

“ಆರ್ಡಿಸ್, ನೀನು ಆಸ್ಪತ್ರೇಲಿದೀಯ ಅಲ್ವಾ? ವರ್ಲಿನ್ ಹೇಗಿದಾನೆ?”

“ಬನ್ನು ಯಾರದ್ದು ಅಂದೆ.”

“ಅಯ್ಯೋ, ತಪ್ಪು ತಿಳ್ಕೋಬೇಡ ಕಣೇ. ಹಾಗೇನೂ ಆಗಲ್ಲ. ಆಗೋದೂ ಬೇಡ. ಆದ್ರೆ ಓರ್ವಿಲ್ ಮಂಡಿ ಆಪರೇಷನ್ನಿಗೆ ಅಂತ ಹೋದವನು ಹಾಗೇ ಹೋಗ್ಬಿಟ್ಟ ನೋಡು, ಆವಾಗ ನಮ್ಮ ಹತ್ರ ಏನೂ ಇರ್ಲಿಲ್ಲ. ಅಂಗಡಿ ಬನ್ನು ತಂದು ಹಾಕಿದ್ವಿ. ಅಂಗಡಿ ಬನ್ನು, ಆರ್ಡಿಸ್! ಅವನ ತಂಗಿ ಬಾಯಿಗೂ ಹಾಕ್ಲಿಲ್ಲ.”

“ಅದಕ್ಕೆ?”

“ಅದಕ್ಕೆ, ವರ್ಲಿನ್‌ಗೆ ಹಾಗಾಗಬಾರ್ದು ಅಂತ. ಚರ್ಚಿನ ಚಾವಣಿ ಹಾಕಿದ್ದು ಅವನು, ಒಲೆ ರಿಪೇರಿ ಮಾಡಿದ್ದು ಅವನು, ನನ್ನ ಯಜಮಾನರು ಹೋದಾಗ ನಮ್ಮ ಬೀಟ್ ಕಿತ್ತು ಕೊಟ್ಟಿದ್ದು ಅವನು. ಅಂಥವನಿಗೆ ಅಂಗಡಿ ಬನ್ನು ಹಾಕೋಕೆ ನಮಗ್ಯಾರಿಗೂ ಮನಸ್ಸು ಬರ್ಲಿಲ್ಲ ಕಣೇ. ಹೋದ ತಿಂಗಳು ಆಪರೇಷನ್ ಆಗ್ಲಿಲ್ಲ ಅಂತ ಗೊತ್ತಾದ್ಮೇಲೆ ಹಾಗೇ ಬಿಟ್ವಿ. ಹಾಳಾಗಲ್ಲ ಅದು.”

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಆ ಹೆಂಗಸು ಫೋನಿನಲ್ಲಿ ಅಳುತ್ತಿದ್ದಳು. ನಮ್ಮೂರಿನ ಹೆಂಗಸರು ಪ್ರೀತಿಯಿಂದ ನನ್ನ ಗಂಡನನ್ನು ಮುಕ್ಕಾಲು ಕೊಂದಿದ್ದರು, ನಾನು ಯಾರ ಜುಟ್ಟು ಹಿಡಿಯಲಿ? “ಆಮೇಲೆ ಮಾತಾಡ್ತೀನಿ,” ಎಂದು ಇಟ್ಟೆ.

ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ಲವಾನ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ವರ್ಲಿನ್ ತಲೆಯಾಡಿಸಿ, “ನಾನಂದುಕೊಂಡ ಹಾಗೇ ಆಯ್ತಲ್ಲ,” ಎಂದು ಟೋಪಿ ಕಳಚಿಟ್ಟು ಷರಾಯಿ ಕೇಳುತ್ತಾನೆ. ಡಾಕ್ಟರ್ ವಾಂಗ್ ಕೊಟ್ಟ ಹೊತ್ತು ಮುಗಿಯುತ್ತ ಬಂದಿತ್ತು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಸತ್ಯವಂತೆ ಎಂಬ ಬಿಂಕಕ್ಕಲ್ಲ, ನನ್ನ ಬಾಯಿಗೆ ಅಷ್ಟು ತಾಳ್ಮೆಯೇ ಇಲ್ಲ, ಮನಸ್ಸಿಗೆ ಬಂದದ್ದು ಮೊದಲೇ ಹೊರಗೆ ಬಿದ್ದಿರುತ್ತದೆ. ದೇವರೇ, ಇದೊಂದು ಸಲ ನೋಡದ ಹಾಗಿರು ಎಂದು ಕೇಳಿಕೊಂಡು ಪರದೆ ಸರಿಸಿ ಒಳಗೆ ಹೋದೆ.

“ಕೇಳ್ದೆ ಕಣೋ ಲವಾನ್‌ನ. ಅದು ಹುಲ್ಡಾದು!”

“ಹುಲ್ಡಾ ಬದುಕಿದಾಳಲ್ಲ.”

“ಬದುಕಿದಾಳೆ. ತೊಂಬತ್ತಾರು ಅವಳಿಗೆ. ತನ್ನ ಮಣ್ಣಿಗೆ ಯಾವ ಹಾಡು, ಯಾವ ಬನ್ನು ಅಂತ ಅವಳೇ ಎಲ್ಲಾ ಹೇಳಿ ಮಾಡಿಸಿಟ್ಟಿದಾಳಂತೆ. ಆ ಬೆಣ್ಣೆ ಬೇಡ ಈ ಬೆಣ್ಣೆ ಹಾಕಿ ಅಂತ ಪಕ್ಕದಲ್ಲೇ ಕೂತು ಹೇಳಿದಾಳೆ. ನೀನು ಹೋಗಿ ‘ಯಾರು ಹೋದ್ರು’ ಅಂದ್ರೆ, ಹುಲ್ಡಾನ ಅಲ್ಲೇ ಕೂರಿಸ್ಕೊಂಡು ಲವಾನ್ ಏನು ಹೇಳ್ಬೇಕಾಗಿತ್ತು? ‘ಇವಳೇ, ಆದ್ರೆ ಇನ್ನೂ ಹೋಗಿಲ್ಲ’ ಅಂತಾನಾ? ಅದಕ್ಕೇ ತಡವರಿಸಿ ‘ಇನ್ನೂ’ ಅಂದಿದಾಳೆ. ನಿನ್ನ ಹೊಟ್ಟೆ ನೋಡಿದ್ದು ಯಾಕೆ ಗೊತ್ತಾ? ನಿನ್ನ ಅಂಗಿ ಗುಂಡಿ ಬಿಟ್ಟುಹೋಗಿತ್ತಂತೆ!”

ಒಂದೇ ಉಸಿರಿಗೆ ಹೇಳಿದೆ. ಕಿವಿ ಎರಡೂ ಕಾದ ಹೆಂಚಾಗಿದ್ದವು.

ವರ್ಲಿನ್ ನನ್ನನ್ನೇ ನೋಡಿದ. ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ಅವನು ನನ್ನ ಮುಖ ನೋಡಿದ್ದು ಯಾವ ಕಾಲದಲ್ಲೋ ನೆನಪಿಲ್ಲ. ನಾನು ಕಣ್ಣು ತಪ್ಪಿಸದೆ ನಿಂತೆ, ಹೇಗೆ ನಿಂತೆನೋ ದೇವರಿಗೇ ಗೊತ್ತು.

“ಹುಲ್ಡಾದಾ?” ಎಂದ.

“ಹುಲ್ಡಾದು.”

“ಹಾಗಾದ್ರೆ ಸರಿ ಬಿಡು.” ಹೊದಿಕೆಯ ಅಂಚನ್ನು ಹಿಡಿದಿದ್ದ ಕೈ ಸಡಿಲಾಯಿತು. ದೊಡ್ಡ ಉಸಿರೊಂದನ್ನು ಬಿಟ್ಟು ದಿಂಬಿಗೆ ತಲೆ ಕೊಟ್ಟ.

ರೆನಾಟಾ ಬಂದು ಮತ್ತೆ ಪಟ್ಟಿ ಬಿಗಿದಳು. ನಾನು ಯಂತ್ರವನ್ನು ನುಂಗುವವಳ ಹಾಗೆ ನೋಡುತ್ತಿದ್ದೆ. ನೂರಾ ಅರವತ್ತೆಂಟು. ಅವಳು ನಂಬದೆ ಇನ್ನೊಂದು ತೋಳಿಗೂ ಕಟ್ಟಿ ನೋಡಿದಳು. ನೂರಾ ಅರವತ್ತೈದು.

“ಏನು ಮಾಯ ಮಾಡಿದ್ರಿ ಅಮ್ಮಾ?” ಎಂದಳು.

“ಮಾಯಾನೂ ಇಲ್ಲ ಮಂತ್ರಾನೂ ಇಲ್ಲ. ಕಿವಿ ಹಿಂಡಿದೆ.”

“ಬಂಗಾರ, ಈಗಲಾದ್ರೂ ಆ ಔಷಧಿ ಕೊಡ್ಲಾ?”

“ಯಾರಿಗೂ ಕಡಿಮೆ ಬೀಳಲ್ಲ ಅನ್ನೋದಾದ್ರೆ,” ಎಂದ ವರ್ಲಿನ್, ಮೊದಲ ಸಲ ಕೇಳಿದ್ದಕ್ಕೇ.

ಡಾಕ್ಟರ್ ವಾಂಗ್ ಬಂದು ನೋಡಿ, ಸರಿ, ಹೊರಡೋಣ ಎಂದರು. ರೆನಾಟಾ ನಳಿಕೆಗೆ ಔಷಧಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವನ ಮುಖದ ಗಂಟುಗಳು ಒಂದೊಂದೇ ಬಿಚ್ಚಿಕೊಂಡವು, ರೆಪ್ಪೆ ಭಾರವಾಯಿತು. ಗೆದ್ದೆನಲ್ಲ, ಕೊನೆಗೂ ಕತ್ತೆಯನ್ನು ನೀರಿನ ತನಕ ಎಳೆದು ತಂದೆನಲ್ಲ ಎಂದುಕೊಂಡೆ. ಅವನ ಹಣೆಗೆ ಮುತ್ತು ಕೊಡಬೇಕು ಅನ್ನಿಸಿತು, ಆದರೆ ಜನರಿದ್ದರು, ನಮ್ಮಲ್ಲಿ ಅದು ರೂಢಿಯೂ ಇಲ್ಲ. ಟೋಪಿ ಸರಿ ಮಾಡಿದೆ.

ಮಂಚದ ಚಕ್ರಗಳ ಬ್ರೇಕು ತೆಗೆದು ತಳ್ಳಿಕೊಂಡು ಹೊರಟರು. ಹಾಲಿನ ಕೊನೆಯ ದೊಡ್ಡ ಬಾಗಿಲಿನವರೆಗೆ ನಾನೂ ಜೊತೆಗೆ ಹೋಗಬಹುದಂತೆ. ನಾನು ಎರಡು ಹೆಜ್ಜೆ ಹಿಂದಿದ್ದೆ. ಇದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

“ರೆನಾಟಾ,” ಎಂದ. ನಾಲಿಗೆ ದಪ್ಪವಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಕೇಳದೆ ತಾನಾಗಿ ಬಾಯಿ ಬಿಟ್ಟಿದ್ದೇ ಆಶ್ಚರ್ಯ. “ನನ್ನ ಹೆಂಡ್ತಿ ಈಗ ಒಂದು ಸುಳ್ಳು ಹೇಳಿದ್ಲು, ಕೇಳಿಸ್ಕೊಂಡ್ರಾ?”

ಸದ್ದಾಗದ ಹಾಗೆ ಹಿಂದೆಯೇ ಹೆಜ್ಜೆ ಹಾಕಿದೆ.

“ಯಾವ ಸುಳ್ಳು ಬಂಗಾರ?”

“ಆ ಬನ್ನು ಹುಲ್ಡಾದಲ್ಲ. ಹುಲ್ಡಾಗೆ ಹ್ಯಾಮ್ ಕಂಡ್ರೆ ಆಗಲ್ಲ, ಊರಿಗೇ ಗೊತ್ತು. ನಂದೇ ಅದು.” ಮೆಲ್ಲಗೆ ನಕ್ಕ. “ಆರ್ಡಿಸ್‌ಗೆ ಸುಳ್ಳು ಹೇಳೋಕೆ ಬರಲ್ಲ. ಮದುವೆ ದಿನ ನನ್ನ ಸೂಟು ನೋಡಿ, ‘ಚೆನ್ನಾಗಿಲ್ಲ, ಬೇರೆ ಇಲ್ವಾ?’ ಅಂದವಳು ಅವಳು. ಇವತ್ತು ಕಿವಿ ಕೆಂಪು ಮಾಡ್ಕೊಂಡು ನಿಂತ್ಕೊಂಡು ಅಷ್ಟುದ್ದ ಹೇಳಿದ್ಲು. ಗುಂಡಿ ಬಿಟ್ಟುಹೋಗಿತ್ತಂತೆ.” ಮತ್ತೆ ನಕ್ಕ. “ಸುಳ್ಳು ಹೇಳೋಷ್ಟು ಬೇಕಾಗಿದೀನಂತೆ ಅವಳಿಗೆ. ನನಗೆ ಗೊತ್ತೇ ಇರ್ಲಿಲ್ಲ. ಹಾಗಿದ್ಮೇಲೆ ವಾಪಸ್ಸು ಬರ್ಬೇಕಲ್ಲ.”

ದೊಡ್ಡ ಬಾಗಿಲು ತಾನಾಗಿ ತೆರೆದುಕೊಂಡಿತು. ಮಂಚ ಒಳಗೆ ಹೋಯಿತು.

ಗೊತ್ತೇ ಇರಲಿಲ್ಲವಂತೆ! ಇಷ್ಟು ವರ್ಷ ಅಡುಗೆ ಮಾಡಿ ಹಾಕಿ, ಕಾಲುಚೀಲ ಹೊಲಿದು, ಬೀಟ್ ಕೀಳುವ ಕಾಲದಲ್ಲಿ ಲಾರಿಯ ಪಕ್ಕದಲ್ಲಿ ನಿದ್ದೆಗೆಟ್ಟು ಕೂತವಳು ನಾನು. ಇವನಿಗೆ ಗೊತ್ತಿರಲಿಲ್ಲವಂತೆ! ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ. ಇವನು ಒಂದು ವೇಳೆ ಎದ್ದು ಬರದೇ ಹೋದರೆ ಅರ್ಧಂಬರ್ಧ ಗೊತ್ತುಮಾಡಿಕೊಂಡು ಹೋದಂತಾಗುತ್ತದೆ. ಅದನ್ನು ನನ್ನಿಂದ ತಡೆಯಲಾಗುವುದಿಲ್ಲ.

“ವರ್ಲಿನ್!” ಎಂದು ಕೂಗಿದೆ. “ಬೇಕು ಕಣೋ! ನೀನು ನನಗೆ ಬೇಕು! ಅವತ್ತಿಂದ್ಲೂ ಬೇಕು! ಕೇಳಿಸ್ತಾ?”

ಪರದೆಗಳ ಪಕ್ಕದಲ್ಲಿ ನಿಂತಿದ್ದ ನಮ್ಮ ಕಡೆಯ ಜನರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬೂಟು ನೋಡಿಕೊಂಡರು. ಭುಜದ ಆಪರೇಷನ್ನಿನವನು ಕೆಮ್ಮಿದ.

ಬಾಗಿಲಿನ ಎರಡು ರೆಕ್ಕೆಗಳು ಕೂಡಿಕೊಳ್ಳುತ್ತಿದ್ದವು. ನಡುವಿನ ಸಂದಿಯಲ್ಲಿ ಕಂಡಿತು: ಹೊದಿಕೆಯ ಕೆಳಗಿಂದ ವರ್ಲಿನ್‌ನ ಒಂದು ಕೈ ಮೇಲೆ ಬಂತು, ನಳಿಕೆ ಅಂಟಿಸಿದ ಕೈ. ಅಂಗೈಯನ್ನು ನೆಲದ ಕಡೆ ಮಾಡಿ ಮೆಲ್ಲಗೆ ಎರಡು ಸಲ ಕೆಳಕ್ಕೆ ತಟ್ಟಿತು. ಸಣ್ಣ ದನಿಯಲ್ಲಿ ಮಾತಾಡೇ, ಜನ ಇದಾರೆ, ಅಂತ.